ಫೆಕಂಡೇಟ್ ಅಂದರೆ ಗೊಬ್ಬರ ಹಾಕುವುದಾ?

ಪ್ರಶ್ನೆ: ಹೂವು ಮತ್ತು ಕೀಟಗಳ ಬಗ್ಗೆ ಸುಮಾರು ನೂರೈವತ್ತು ವರ್ಷ ಹಳೆಯದಾದ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೇನ್ನೊಣಗಳು ಹೂವನ್ನು ‘ಫೆಕಂಡೇಟ್’ ಮಾಡುತ್ತವೆ ಎಂಬ ವಾಕ್ಯ ಅದರಲ್ಲಿದೆ. ನಿಘಂಟು ತೆಗೆದರೆ ‘ಫರ್ಟಿಲೈಸ್’ ಎಂದಷ್ಟೇ ಅರ್ಥ ಕೊಟ್ಟಿತ್ತು. ಫರ್ಟಿಲೈಸರ್ ಎಂದರೆ ಗೊಬ್ಬರ ಅಲ್ವಾ? ಹಾಗಾಗಿ ‘ಜೇನ್ನೊಣಗಳು ಹೂವಿಗೆ ಗೊಬ್ಬರ ಹಾಕುತ್ತವೆ’ ಎಂದು ಬರೆದೆ. ಓದಿದ ಗೆಳತಿ ಬಿದ್ದು ಬಿದ್ದು ನಕ್ಕಳು. ಈ ಪದಕ್ಕೆ ನಿಜವಾದ ಅರ್ಥ ಏನು? ಎಲ್ಲೆಲ್ಲಿ ಬಳಸಬಹುದು? ತೋಟಕ್ಕೆ ಗೊಬ್ಬರ ಹಾಕಿದೆ ಎನ್ನುವುದಕ್ಕೆ ಬಳಸಿದರೆ ತಪ್ಪಾಗುತ್ತದಾ?

ಉತ್ತರ: ನಿಮ್ಮ ಗೆಳತಿ ನಕ್ಕಿದ್ದರಲ್ಲಿ ತಪ್ಪಿಲ್ಲ. ಆದರೆ ನೀವು ಎಡವಿದ್ದಕ್ಕೆ ಅರ್ಧ ಹೊಣೆ ನಿಮ್ಮ ನಿಘಂಟಿನದು. ಎರಡು ಅರ್ಥವಿರುವ ಪದವನ್ನು ಒಂದೇ ಅರ್ಥವಿರುವ ಪದಕ್ಕೆ ವಿವರಣೆಯಾಗಿ ಕೊಟ್ಟು, ಯಾವ ಅರ್ಥ ಎಂದು ಹೇಳದೆ ಅದು ಕೈತೊಳೆದುಕೊಂಡಿದೆ.

ಫೆಕಂಡೇಟ್ ಎಂದರೆ ಗರ್ಭ ಕಟ್ಟಿಸುವುದು. ಗಂಡಿನ ಅಂಶ ಹೆಣ್ಣಿನ ಅಂಶವನ್ನು ಸೇರಿ ಹೊಸ ಜೀವ ಶುರುವಾಗುವಂತೆ ಮಾಡುವುದು. ಮೊಟ್ಟೆಗೆ, ಹೂವಿಗೆ, ಮೀನಿನ ತತ್ತಿಗೆ ಈ ಮಾತು ಸಲ್ಲುತ್ತದೆ. ತೋಟಕ್ಕೆ ಸಗಣಿ ಸುರಿಯುವ ಕೆಲಸಕ್ಕೆ ಸಲ್ಲುವುದಿಲ್ಲ. ‘ಬೆಳಗ್ಗೆ ತೋಟವನ್ನು ಫೆಕಂಡೇಟ್ ಮಾಡಿದೆ’ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಹೇಳಿದರೆ, ಕೇಳಿದವರು ಒಂದು ಗಳಿಗೆ ಸುಮ್ಮನಾಗಿ ಅವರ ಮುಖ ನೋಡುತ್ತಾರೆ.

ಗೋಜಲು ಶುರುವಾಗುವುದು ‘ಫರ್ಟಿಲೈಸ್’ ಎಂಬ ಪದದಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಕೆಲಸ. ನೆಲಕ್ಕೆ ಗೊಬ್ಬರ ಹಾಕುವುದೂ ಫರ್ಟಿಲೈಸ್, ಅಂಡಕ್ಕೆ ವೀರ್ಯಾಣು ಸೇರುವುದೂ ಫರ್ಟಿಲೈಸ್. ಕನ್ನಡದಲ್ಲಿ ಈ ಎರಡನ್ನೂ ಒಂದೇ ಪದದಲ್ಲಿ ಯಾರೂ ಹೇಳುವುದಿಲ್ಲ. ಹೊಲಕ್ಕೆ ಗೊಬ್ಬರ ಹಾಕುತ್ತೇವೆ. ಹಸು ಗಬ್ಬವಾಗುತ್ತದೆ. ಹೂವು ಕಾಯಿ ಕಟ್ಟುತ್ತದೆ. ಮೂರಕ್ಕೂ ಬೇರೆ ಬೇರೆ ಮಾತುಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಸುತ್ತಲಿನ ಮಾತು ನೋಡಿ ಯಾವ ಅರ್ಥ ಎಂದು ತಿಳಿಯಬೇಕಾದ ಪರಿಸ್ಥಿತಿ. ಫೆಕಂಡೇಟ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಅದರ ಮುಖ್ಯ ಕೆಲಸ ಒಂದೇ, ಜೀವ ಮೂಡಿಸುವುದು.

ಎರಡು ಪದಗಳೂ ಲ್ಯಾಟಿನ್‌ನಿಂದ ಬಂದವು, ಆದರೆ ಹುಟ್ಟಿದ ಮನೆ ಬೇರೆ. ‘ಫರ್ಟೈಲ್’ ಎಂಬುದರ ಹಿಂದೆ ಇರುವುದು ‘ಫೆರ್ರೆ’ ಎಂಬ ಕ್ರಿಯಾಪದ. ಅದರ ಅರ್ಥ ಹೊರುವುದು, ತರುವುದು. ನೆಲ ಬೆಳೆ ಹೊರುತ್ತದೆ, ಮರ ಹಣ್ಣು ಹೊರುತ್ತದೆ, ತಾಯಿ ಮಗುವನ್ನು ಹೊರುತ್ತಾಳೆ. ಆ ‘ಫೆರ್ರೆ’ಗೂ ಇಂಗ್ಲಿಷಿನ ‘ಬೇರ್’ ಎಂಬ ಕ್ರಿಯಾಪದಕ್ಕೂ ನಾವು ದಿನಾ ಆಡುವ ‘ಭಾರ’ಕ್ಕೂ ಬೇರು ಒಂದೇ. ಹೊರುವುದು ಎಂಬ ಅರ್ಥವೇ ಮೂಲದಲ್ಲಿ ಇರುವುದರಿಂದ ಆ ಪದ ನೆಲಕ್ಕೂ ಬಸುರಿಗೂ ಸಲೀಸಾಗಿ ಹೊಂದಿಕೊಂಡಿತು.

‘ಫೆಕಂಡ್’ ಎಂಬುದರ ಬೇರು ಇನ್ನೂ ಸೊಗಸು. ಅದು ಹಾಲು ಕುಡಿಯುವುದು, ಹಾಲೂಡಿಸುವುದು ಎಂಬ ಅರ್ಥದ ಬಹಳ ಹಳೆಯ ಧಾತುವಿನಿಂದ ಬಂದಿದೆ. ಲ್ಯಾಟಿನ್‌ನ ‘ಫೆಮಿನಾ’, ಅಂದರೆ ಹೆಣ್ಣು, ಅದರಿಂದಲೇ ಬಂತು. ಗರ್ಭದ ಕೂಸಿಗೆ ವೈದ್ಯರು ಹೇಳುವ ‘ಫೀಟಸ್’ ಕೂಡ ಅಲ್ಲಿಂದಲೇ. ಅದೇ ಧಾತುವಿನಿಂದ ಸಂಸ್ಕೃತದಲ್ಲಿ ‘ಧೇನು’ ಹುಟ್ಟಿತು. ಹಾಲು ಕೊಡುವ ಹಸು. ಕಾಮಧೇನುವಿನ ಧೇನುವೂ ಈ ಅಪರೂಪದ ಇಂಗ್ಲಿಷ್ ಪದವೂ ದೂರದ ನೆಂಟರು ಎಂದು ಮೊದಲ ಸಲ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು. ಅಂದಿನಿಂದ ಈ ಪದದ ಅರ್ಥ ಮರೆತಿಲ್ಲ. ನಿಮಗೂ ನೆನಪಿಡಲು ಇದೇ ಸುಲಭದ ದಾರಿ: ಫೆಕಂಡ್ ಎಂದರೆ ಹಾಲು, ಹಸು, ತಾಯಿ. ಅಲ್ಲಿ ತಿಪ್ಪೆ ಇಲ್ಲ.

ತಿಪ್ಪೆಯ ಮಾತು ಬಂದದ್ದರಿಂದ ಇನ್ನೊಂದು ಅನುಮಾನವನ್ನೂ ಬಗೆಹರಿಸುತ್ತೇನೆ. ಮಲಕ್ಕೆ ಸಂಬಂಧಿಸಿದ್ದು ಎನ್ನಲು ಇಂಗ್ಲಿಷಿನಲ್ಲಿ ‘ಫೀಕಲ್’ ಎಂಬ ಪದ ಇದೆ. ಕೆಲವರು ‘ಫೆಕಂಡ್’ ಅದರ ಅಣ್ಣನೋ ತಮ್ಮನೋ ಎಂದುಕೊಂಡು, ಸಗಣಿಯಿಂದ ಗೊಬ್ಬರ, ಗೊಬ್ಬರದಿಂದ ಫಲ ಎಂದು ತಾವೇ ಒಂದು ಕತೆ ಕಟ್ಟಿಕೊಳ್ಳುತ್ತಾರೆ. ಕತೆ ಚೆನ್ನಾಗಿದೆ, ಆದರೆ ಸುಳ್ಳು. ‘ಫೀಕಲ್’ ಬಂದದ್ದು ತಳದಲ್ಲಿ ನಿಂತ ಚರಟ, ಗಸಿ ಎಂಬ ಅರ್ಥದ ಬೇರೆ ಲ್ಯಾಟಿನ್ ಪದದಿಂದ. ಕಾಗುಣಿತ ಹತ್ತಿರ ಬಂದದ್ದು ಆಕಸ್ಮಿಕ.

ಇನ್ನು ನಿಮ್ಮ ಹಳೆಯ ಬರಹಕ್ಕೆ ಬರೋಣ. ಇವತ್ತು ಯಾರೂ ಆಡದ ಈ ಪದ ಅದರಲ್ಲಿ ಯಾಕಿದೆ? ಯಾಕೆಂದರೆ ಆಗ ಅದು ಅಪರೂಪದ್ದಾಗಿರಲಿಲ್ಲ. 18 ಮತ್ತು 19ನೇ ಶತಮಾನದಲ್ಲಿ ಜೀವ ಹೇಗೆ ಶುರುವಾಗುತ್ತದೆ ಎಂದು ತಲೆಕೆಡಿಸಿಕೊಂಡವರಲ್ಲಿ ಹಲವರು ‘ಫೆಕಂಡೇಶನ್’ ಎಂದು ಬರೆಯುತ್ತಿದ್ದರು. ಇಟಲಿಯ ಲಾಜರೋ ಸ್ಪಲ್ಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ ಗಂಡು ಕಪ್ಪೆಗಳಿಗೆ ಮೇಣ ಹಚ್ಚಿದ ಬಟ್ಟೆಯ ಪುಟ್ಟ ಚಡ್ಡಿ ತೊಡಿಸಿದ ಪ್ರಯೋಗ 1780ರ ಆಸುಪಾಸಿನದು. ಚಡ್ಡಿ ತೊಟ್ಟ ಕಪ್ಪೆಗಳು ಹೆಣ್ಣನ್ನು ಕೂಡಿದವು, ಆದರೆ ಮೊಟ್ಟೆಗಳು ಬೆಳೆಯಲಿಲ್ಲ. ಚಡ್ಡಿಯಲ್ಲಿ ಸಿಕ್ಕ ದ್ರವವನ್ನು ಮೊಟ್ಟೆಗಳಿಗೆ ಸವರಿದಾಗ ಅವು ಬೆಳೆದವು. ಗಂಡಿನ ದ್ರವ ಮೊಟ್ಟೆಯನ್ನು ಮುಟ್ಟಲೇಬೇಕು ಎಂಬುದು ಹೀಗೆ ಖಚಿತವಾಯಿತು. ತಮಾಷೆ ಎಂದರೆ, ಆ ದ್ರವದಲ್ಲಿ ಈಜಾಡುವ ಹುಳುಗಳಂಥವು, ಅಂದರೆ ವೀರ್ಯಾಣುಗಳು, ಇದಕ್ಕೆ ಕಾರಣ ಎಂದು ಅವನು ಒಪ್ಪಲಿಲ್ಲ. ಅವು ಬೇಕೇ ಬೇಕು ಎಂದು ಪ್ರೆವೋ ಮತ್ತು ಡ್ಯೂಮಾ ಎಂಬಿಬ್ಬರು ತೋರಿಸಿದ್ದು 1824ರಲ್ಲಿ. ಅಂಡದ ಬೀಜಕೇಂದ್ರವೂ ವೀರ್ಯಾಣುವಿನ ಬೀಜಕೇಂದ್ರವೂ ಒಂದಾಗುವುದನ್ನು ಜರ್ಮನಿಯ ಆಸ್ಕರ್ ಹೆರ್ಟ್‌ವಿಗ್ ಸೀ ಅರ್ಚಿನ್ ಎಂಬ ಮೈಯೆಲ್ಲ ಮುಳ್ಳಿನ ಕಡಲಜೀವಿಯ ಮೊಟ್ಟೆಯಲ್ಲಿ ಕಂಡು ಬರೆದದ್ದು 1876ರಲ್ಲಿ.

ಅಂದರೆ ನಿಮ್ಮ ಬರಹದ ಕಾಲಕ್ಕೆ ಫೆಕಂಡೇಶನ್ ಎಂಬ ಹೆಸರು ಹಳೆಯದಾಗಿತ್ತು, ಒಳಗೆ ನಡೆಯುವುದು ಏನು ಎಂಬುದು ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ‘ಫರ್ಟಿಲೈಸ್’ ಕೂಡ ಜೀವಶಾಸ್ತ್ರದೊಳಗೆ ಜಾಗ ಮಾಡಿಕೊಳ್ಳುತ್ತಿತ್ತು. ಅದು ಮೊದಲು ನೆಲಕ್ಕೆ ಸೇರಿದ ಪದ. 17ನೇ ಶತಮಾನದಿಂದ ಹೊಲದ ಮಾತಾಗಿದ್ದದ್ದು 19ನೇ ಶತಮಾನದಲ್ಲಿ ಅಂಡದ ಮಾತೂ ಆಯಿತು. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್ ಹೂಗಳ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲೇ ಕೀಟಗಳಿಂದ ಹೂಗಳು ‘ಫರ್ಟಿಲೈಸ್ಡ್’ ಆಗುತ್ತವೆ ಎಂದಿದೆ. ಅಂಥವರ ಬರಹ ಓದುತ್ತ ಬೆಳೆದವರಿಗೆ ಈ ಪದವೇ ನಾಲಿಗೆಗೆ ಬಂತು. ಫೆಕಂಡೇಟ್ ಮೆಲ್ಲಗೆ ಮೂಲೆ ಸೇರಿತು.

ಎಲ್ಲ ಭಾಷೆಗಳಲ್ಲೂ ಹೀಗಾಗಲಿಲ್ಲ. ಫ್ರೆಂಚ್, ಸ್ಪ್ಯಾನಿಶ್, ಇಟಾಲಿಯನ್ ಭಾಷೆಗಳಲ್ಲಿ ಫೆಕಂಡೇಟ್‌ನ ಒಡಹುಟ್ಟುಗಳೇ ಇಂದಿಗೂ ದಿನಬಳಕೆಯ ಪದಗಳು. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದಾಗ ಇಂಗ್ಲಿಷಿನವರು ಆ ವಿಧಾನವನ್ನು ಇನ್ ವಿಟ್ರೋ ಫರ್ಟಿಲೈಸೇಶನ್, ಚುಟುಕಾಗಿ ಐವಿಎಫ್, ಎಂದರು. ಅದನ್ನೇ ಫ್ರಾನ್ಸಿನವರು ‘ಫೆಕೊಂದಾಸ್ಯೋನ್’ ಎನ್ನುತ್ತಾರೆ. ಹಾಗಾಗಿ ಇವತ್ತಿನ ಇಂಗ್ಲಿಷ್ ಬರಹದಲ್ಲಿ ಫೆಕಂಡೇಟ್ ಕಂಡರೆ ನನಗೆ ಮೊದಲು ಬರುವ ಅನುಮಾನ ಒಂದೇ: ಇದನ್ನು ಬರೆದವರು ಫ್ರೆಂಚ್ ಅಥವಾ ಸ್ಪ್ಯಾನಿಶ್‌ನಿಂದ ಅನುವಾದ ಮಾಡಿರಬಹುದಾ? ಬಹಳ ಸಲ ಆ ಅನುಮಾನ ನಿಜವಾಗಿದೆ.

ಈಗ ನಿಮ್ಮ ಜೇನ್ನೊಣ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅನುವಾದ ಮಾಡುವವರು ಗಮನಿಸಲೇಬೇಕಾದದ್ದು. ಜೇನ್ನೊಣ ಮಾಡುವ ಕೆಲಸ ಪರಾಗವನ್ನು ಹೊತ್ತು ತಂದು ಶಲಾಕೆಯ, ಅಂದರೆ ಹೂವಿನ ಹೆಣ್ಣುಭಾಗದ ಕಡ್ಡಿಯ, ತುದಿಗೆ ಅಂಟಿಸುವುದು. ಅದು ಪರಾಗಸ್ಪರ್ಶ. ಅಲ್ಲಿಗೆ ಗರ್ಭ ಕಟ್ಟಿತು ಎಂದಲ್ಲ. ಪರಾಗದ ಕಣದಿಂದ ಒಂದು ಸಣ್ಣ ಕೊಳವೆ ಬೆಳೆದು, ಒಳಗಿಳಿದು, ಅಂಡವನ್ನು ಮುಟ್ಟಬೇಕು. ಆಗಲೇ ನಿಜವಾದ ಫೆಕಂಡೇಶನ್. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಇಳಿಬಿದ್ದ ರೇಷ್ಮೆಯಂಥ ಎಳೆಗಳನ್ನು ನೋಡಿದ್ದೀರಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿನದು. ಎಳೆಯ ತುದಿಗೆ ಬಿದ್ದ ಪರಾಗ ಒಳಗಿನ ಅಂಡದವರೆಗೆ ಇಳಿಯಲು ಹೆಚ್ಚುಕಡಿಮೆ ಒಂದು ದಿನ ಬೇಕು. ಯಾವ ಎಳೆಯ ಕೆಲಸ ಕೆಟ್ಟಿತೋ ಆ ಜಾಗದಲ್ಲಿ ಕಾಳು ಮೂಡುವುದಿಲ್ಲ, ತೆನೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಪೈನ್ ಮರದಲ್ಲಂತೂ ಪರಾಗ ಬಿದ್ದು ಗರ್ಭ ಕಟ್ಟುವುದಕ್ಕೆ ಸುಮಾರು ಒಂದು ವರ್ಷವೇ ಹಿಡಿಯುತ್ತದೆ.

ಹಳೆಯ ಬರಹಗಾರರು ಈ ಎರಡು ಹಂತಗಳನ್ನು ಬೇರೆ ಬೇರೆಯಾಗಿ ಹೆಸರಿಸುತ್ತಿರಲಿಲ್ಲ. ‘ಪಾಲಿನೇಟ್’ ಎಂಬ ಕ್ರಿಯಾಪದ ಇಂಗ್ಲಿಷಿನಲ್ಲಿ ಚಾಲ್ತಿಗೆ ಬಂದದ್ದೇ 1870ರ ದಶಕದಲ್ಲಿ. ಅದಕ್ಕೆ ಮುಂಚೆ ಜೇನ್ನೊಣ ಬಂದು ಹೋಗುವುದರಿಂದ ಹಿಡಿದು ಕಾಯಿ ಕಟ್ಟುವವರೆಗೆ ಎಲ್ಲವೂ ಫೆಕಂಡೇಟ್ ಇಲ್ಲವೇ ಫರ್ಟಿಲೈಸ್. ಹಾಗಾಗಿ ನಿಮ್ಮ ವಾಕ್ಯವನ್ನು ‘ಜೇನ್ನೊಣಗಳು ಪರಾಗ ಮುಟ್ಟಿಸಿ ಹೂವು ಕಾಯಿ ಕಟ್ಟುವಂತೆ ಮಾಡುತ್ತವೆ’ ಎಂದು ಬರೆಯಿರಿ. ಸ್ವಲ್ಪ ಉದ್ದವಾಯಿತು, ನಿಜ. ಆದರೆ ಮೂಲದ ಲೇಖಕ ಹೇಳಿದ್ದು ಪೂರ್ತಿ ಬಂತು, ವಿಜ್ಞಾನವೂ ಕೆಡಲಿಲ್ಲ. ಪಠ್ಯಪುಸ್ತಕದ ಧಾಟಿ ಬೇಕೆಂದರೆ ‘ಫಲೀಕರಣ’ ಇದೆ, ‘ನಿಷೇಚನ’ವೂ ಇದೆ. ನನಗೆ ಎರಡೂ ಅಷ್ಟು ಇಷ್ಟವಿಲ್ಲ. ನಿಷೇಚನ ಓದಿದವರಲ್ಲಿ ಅರ್ಧ ಜನ ಅದನ್ನು ನಿಷೇಧ ಎಂದು ಓದಿಕೊಂಡು ಮುಂದೆ ಹೋಗುತ್ತಾರೆ. ಪ್ರಾಣಿಗಳ ವಿಷಯ ಬಂದಾಗ ‘ಗಬ್ಬ ಕಟ್ಟಿಸು’, ಮನುಷ್ಯರ ವಿಷಯ ಬಂದಾಗ ‘ಗರ್ಭ ಕಟ್ಟು’, ಹೂವಿಗೆ ‘ಕಾಯಿ ಕಟ್ಟು’. ಈ ‘ಕಟ್ಟು’ ಎಂಬ ಪುಟ್ಟ ಕ್ರಿಯಾಪದ ಮೂರು ಕಡೆಯೂ ದುಡಿಯುತ್ತದೆ, ನೋಡಿ. ಸಂಸ್ಕೃತಕ್ಕೆ ಓಡುವ ಮೊದಲು ಅದನ್ನೊಮ್ಮೆ ಮಾತಾಡಿಸಬಹುದು.

ಹಾಗಾದರೆ ಫೆಕಂಡೇಟ್ ನೆಲದ ಕಡೆಗೆ ಹೋಗುವುದೇ ಇಲ್ಲವಾ? ಹೋಗುತ್ತದೆ, ಆದರೆ ಕಾವ್ಯದ ಮೂಲಕ. ಮಳೆ ಭೂಮಿಯನ್ನು ಫೆಕಂಡೇಟ್ ಮಾಡಿತು, ನದಿಯ ನೆರೆ ಬಯಲನ್ನು ಫೆಕಂಡೇಟ್ ಮಾಡಿತು ಎಂದು ಹಳೆಯ ಗದ್ಯದಲ್ಲಿ ಕಾಣಬಹುದು. ಅಲ್ಲಿ ಭೂಮಿ ಹೆಣ್ಣು, ಮಳೆ ಗಂಡು ಎಂಬ ಹೋಲಿಕೆ ಒಳಗೆ ಇದ್ದೇ ಇರುತ್ತದೆ. ಗೊಬ್ಬರದ ಬುಟ್ಟಿ ಹೊತ್ತ ಮನುಷ್ಯ ಆ ಚಿತ್ರದಲ್ಲಿಲ್ಲ. ಹಾಗೆಯೇ ಒಂದು ವಿಚಾರ ಇನ್ನೊಂದನ್ನು ಫೆಕಂಡೇಟ್ ಮಾಡುತ್ತದೆ, ಒಂದು ನಾಡಿನ ಕಲೆ ಇನ್ನೊಂದರ ಕಲೆಯನ್ನು ಫೆಕಂಡೇಟ್ ಮಾಡುತ್ತದೆ ಎಂದೂ ಬರೆಯುತ್ತಾರೆ. ಎರಡು ಸೇರಿ ಮೂರನೆಯದು ಹುಟ್ಟಿತು ಎಂಬುದನ್ನು ಹೇಳಲು ಅದು ಒಳ್ಳೆಯ ಪದ. ಸುಮ್ನೆ ‘ಸಮೃದ್ಧಗೊಳಿಸು’ ಎಂದು ಅನುವಾದಿಸಿದರೆ ಆ ಹುಟ್ಟು ಮಾಯವಾಗುತ್ತದೆ.

ಇದೇ ಮನೆತನದ ‘ಫೆಕಂಡಿಟಿ’ ಎಂಬ ನಾಮಪದವನ್ನು ನೀವು ಹೆಚ್ಚು ಕಡೆ ನೋಡುತ್ತೀರಿ. ಅದರಲ್ಲಿ ಜಾರುವವರು ಜಾಸ್ತಿ. ಜನಸಂಖ್ಯೆಯ ಅಧ್ಯಯನದಲ್ಲಿ ಇಂಗ್ಲಿಷಿನವರು ‘ಫೆಕಂಡಿಟಿ’ ಎಂದರೆ ಮಕ್ಕಳನ್ನು ಹೆರುವ ದೇಹದ ಶಕ್ತಿ, ‘ಫರ್ಟಿಲಿಟಿ’ ಎಂದರೆ ನಿಜವಾಗಿ ಹುಟ್ಟಿದ ಮಕ್ಕಳ ಲೆಕ್ಕ ಎಂದು ಬೇರೆ ಮಾಡುತ್ತಾರೆ. ಒಬ್ಬ ಮಹಿಳೆ ಪೂರ್ತಿ ಆರೋಗ್ಯವಾಗಿದ್ದು, ತಾನೇ ಬೇಡವೆಂದು ಮಕ್ಕಳನ್ನು ಮಾಡಿಕೊಳ್ಳದಿದ್ದರೆ ಆಕೆಗೆ ಫೆಕಂಡಿಟಿ ಇದೆ, ಫರ್ಟಿಲಿಟಿ ಸೊನ್ನೆ. ಪತ್ರಿಕೆಗಳಲ್ಲಿ ಬರುವ ಟೋಟಲ್ ಫರ್ಟಿಲಿಟಿ ರೇಟ್, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬುದು, 2.1ಕ್ಕಿಂತ ಕೆಳಗಿಳಿಯಿತು ಎಂದೆಲ್ಲ ಹೇಳುತ್ತಾರಲ್ಲ, ಅದು ಈ ಎರಡನೆಯ ಲೆಕ್ಕ. ಫ್ರೆಂಚರು ಇದನ್ನು ಪೂರ್ತಿ ತಿರುಗಿಸಿ ಇಟ್ಟಿದ್ದಾರೆ. ಅವರಿಗೆ ‘ಫೆಕೊಂದಿತೆ’ ಎಂದರೆ ಹುಟ್ಟಿದ ಮಕ್ಕಳ ಲೆಕ್ಕ, ‘ಫೆರ್ತಿಲಿತೆ’ ಎಂದರೆ ಶಕ್ತಿ. ಹತ್ತಿರದ ಪದವನ್ನೇ ಎತ್ತಿಕೊಂಡು ಅನುವಾದಿಸಿದವರ ಇಡೀ ವರದಿಯೇ ತಲೆಕೆಳಗು! ಸಾಲದ್ದಕ್ಕೆ ಆಸ್ಪತ್ರೆಯಲ್ಲಿ ವೈದ್ಯರು ಫರ್ಟಿಲಿಟಿ ಎಂದಾಗ ಹೇಳುವುದು ಶಕ್ತಿಯ ಬಗ್ಗೆ. ಮೀನು, ಕೀಟಗಳ ಮೇಲೆ ಕೆಲಸ ಮಾಡುವವರಿಗೆ ಫೆಕಂಡಿಟಿ ಎಂದರೆ ಒಂದು ಹೆಣ್ಣಿನಲ್ಲಿರುವ ಅಥವಾ ಅದು ಇಡುವ ಮೊಟ್ಟೆಗಳ ಎಣಿಕೆ. ಕಾಡ್ ಎಂಬ ಕಡಲಮೀನು ದೊಡ್ಡದಾಗಿದ್ದರೆ ಅದರ ಫೆಕಂಡಿಟಿ ಹತ್ತಾರು ಲಕ್ಷಗಳಲ್ಲಿರುತ್ತದೆ. ಕನ್ನಡದಲ್ಲಿ ಎಲ್ಲಕ್ಕೂ ‘ಫಲವತ್ತತೆ’ ಎಂದು ಒಂದೇ ಮುದ್ರೆ ಒತ್ತುವ ರೂಢಿ ಇದೆ. ನಾನಾದರೆ ‘ಹೆರುವ ಶಕ್ತಿ’, ‘ಹೆರಿಗೆಯ ಲೆಕ್ಕ’, ‘ಮೊಟ್ಟೆಯ ಎಣಿಕೆ’ ಎಂದು ಬಿಡಿಸಿ ಬರೆಯುತ್ತೇನೆ. ಸಪ್ಪೆ ಎನಿಸಿದರೂ ಪರವಾಗಿಲ್ಲ.

‘ಸೂಪರ್‌ಫೆಕಂಡೇಶನ್’ ಎಂಬುದೂ ಒಂದಿದೆ. ಒಂದೇ ಋತುಚಕ್ರದಲ್ಲಿ ಬಿಡುಗಡೆಯಾದ ಎರಡು ಅಂಡಗಳು ಬೇರೆ ಬೇರೆ ಕೂಟದಿಂದ ಗರ್ಭ ಕಟ್ಟುವುದು. ಬೆಕ್ಕು, ನಾಯಿಗಳಲ್ಲಿ ಇದು ಮಾಮೂಲು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಗ್ರೀಕ್ ಪುರಾಣದಲ್ಲಿ ಹೆರಾಕ್ಲೀಸ್ ಮತ್ತು ಇಫಿಕ್ಲೀಸ್ ಅವಳಿಗಳು, ಒಬ್ಬನಿಗೆ ದೇವರು ಜ್ಯೂಸ್ ತಂದೆ, ಇನ್ನೊಬ್ಬನಿಗೆ ಮನುಷ್ಯ ತಂದೆ. ಪುರಾಣ ಹೇಳಿದವರಿಗೆ ಈ ಪದ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತೋ ಏನೋ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ತೋಟಕ್ಕೆ ಗೊಬ್ಬರ ಹಾಕಿದ್ದನ್ನು ಹೇಳಲು ಅಪರೂಪದ ಪದವೇ ಬೇಕೆಂದು ನಿಮಗೆ ಹಟವಿದ್ದರೆ ‘ಸ್ಟರ್ಕೊರೇಟ್’ ಇದೆ. ಲ್ಯಾಟಿನ್‌ನ ‘ಸ್ಟೆರ್ಕುಸ್’, ಅಂದರೆ ಸಗಣಿ, ಲದ್ದಿ, ಮಲ, ಅದರಿಂದ ಬಂದದ್ದು. ಸಗಣಿ ಗೊಬ್ಬರ ಹಾಕುವುದು ಎಂಬುದೇ ಅದರ ನೇರ ಅರ್ಥ. ರೋಮನ್ನರಿಗೆ ಗೊಬ್ಬರಕ್ಕೆಂದೇ ಸ್ಟೆರ್ಕುಟಿಯುಸ್ ಎಂಬ ದೇವರಿದ್ದ. ಹೂವು ಗಬ್ಬು ನಾರುವ ಒಂದು ಜಾತಿಯ ಮರಗಳಿಗೆ ಸಸ್ಯಶಾಸ್ತ್ರದಲ್ಲಿ ‘ಸ್ಟರ್ಕ್ಯುಲಿಯಾ’ ಎಂಬ ಹೆಸರು ಬಂದದ್ದು ಅವನಿಂದಲೇ. ಪದ ಎಷ್ಟು ಅಪರೂಪ ಎಂದರೆ ಕೇಳಿದವರು ನಿಘಂಟು ತೆಗೆಯಲೇಬೇಕು, ಸಣ್ಣ ನಿಘಂಟುಗಳಲ್ಲಿ ಸಿಗುವುದೂ ಇಲ್ಲ. ತಮಾಷೆಗೆ ಬಳಸಿ, ಅರ್ಜಿಯಲ್ಲಿ ಬೇಡ. ಕೆಲಸದ ಮಾತಿಗೆ ಇಂಗ್ಲಿಷಿನಲ್ಲಿ ‘ಮನ್ಯೂರ್’ ಸಾಕು. ಬೆಳೆದು ನಿಂತ ಪೈರಿಗೆ ಮೇಲುಗೊಬ್ಬರ ಕೊಟ್ಟರೆ ‘ಟಾಪ್ ಡ್ರೆಸ್’. ನೀರಿನಲ್ಲಿ ಗೊಬ್ಬರ ಕರಗಿಸಿ ಹನಿ ನೀರಾವರಿಯ ಪೈಪಿನಲ್ಲಿ ಬಿಟ್ಟರೆ ‘ಫರ್ಟಿಗೇಶನ್’, ಇದಕ್ಕೆ ಕನ್ನಡದಲ್ಲಿ ‘ರಸಾವರಿ’ ಎಂಬ ಮುದ್ದಾದ ಪದ ಆಗಲೇ ಬಳಕೆಯಲ್ಲಿದೆ.

ಫೆಕಂಡೇಟ್ ಎಂಬುದನ್ನು ‘ಫೆಕಂಡೇಟ್’ ಎಂದೂ ‘ಫೀಕಂಡೇಟ್’ ಎಂದೂ ಉಚ್ಚರಿಸಬಹುದು, ಎರಡೂ ಸರಿ. ಒತ್ತು ಮೊದಲ ಅಕ್ಷರದ ಮೇಲೆ. ಏನನ್ನು ಎಂಬ ಕರ್ಮಪದ ಜೊತೆಗಿರಬೇಕು. ಜೇನ್ನೊಣ ಫೆಕಂಡೇಟ್ ಮಾಡಿತು ಎಂದು ಅರ್ಧಕ್ಕೇ ನಿಲ್ಲಿಸುವಂತಿಲ್ಲ.

ಹಳೆಯ ಬರಹಗಳನ್ನು ಅನುವಾದಿಸುವ ಆಸೆ ಮುಂದುವರಿದರೆ ಇನ್ನೂ ಒಂದು ಕಡೆ ಹುಷಾರಾಗಿರಿ. ಮೇಲೆ ಹೇಳಿದ ‘ಮನ್ಯೂರ್’ ಕೂಡ ನೋಡಲು ಕಾಣುವಷ್ಟು ಸಾಧು ಅಲ್ಲ. ಅದು ‘ಕೈಯಿಂದ ಕೆಲಸ ಮಾಡು’ ಎಂಬ ಲ್ಯಾಟಿನ್ ಮಾತಿನಿಂದ ಫ್ರೆಂಚ್ ದಾಟಿ ಬಂದದ್ದು. ಸೈನ್ಯದವರು ಆಡುವ ‘ಮನೂವರ್’ ಅದರ ಒಡಹುಟ್ಟು. ಮೊದಮೊದಲು ಅದರ ಅರ್ಥ ನೆಲವನ್ನು ಉಳುವುದು, ಸಾಗುವಳಿ ಮಾಡುವುದು ಅಷ್ಟೇ. ಗೊಬ್ಬರ ಎಂಬ ಅರ್ಥ ಅದಕ್ಕೆ ಅಂಟಿದ್ದು 16ನೇ ಶತಮಾನದಲ್ಲಿ, ಆಮೇಲೂ ಎರಡು ಅರ್ಥಗಳು ಬಹಳ ಕಾಲ ಜೊತೆಗೇ ನಡೆದವು. ಆ ಕಾಲದ ಬರಹದಲ್ಲಿ ಯಾರೋ ತನ್ನ ಹೊಲವನ್ನು ‘ಮನ್ಯೂರ್’ ಮಾಡಿದ ಎಂದಿದ್ದರೆ, ಅವನ ಕೈಯಲ್ಲಿ ಇದ್ದದ್ದು ಗೊಬ್ಬರದ ಬುಟ್ಟಿಯೋ ನೇಗಿಲೋ ಎಂದು ಹಿಂದಿನ ಮುಂದಿನ ಸಾಲು ನೋಡಿಯೇ ತೀರ್ಮಾನಿಸಿ.